ಒಂದು ಲೋಟ ಕಡಿಮೆ

ಒಂದೇ ಒಂದು ರೋಲು ಫಿಲಂ ತೊಳೆಯುವುದಿದ್ದರೂ ಪಿಳ್ಳಣ್ಣ ಟ್ಯಾಂಕಿನ ತುಂಬ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಸುರಿಯುತ್ತಿದ್ದ. ಅವನ ಹತ್ತಿರ ಇದ್ದದ್ದು ಎರಡು ರೀಲು ಹಿಡಿಸುವ ಕರಿಯ ಪ್ಲಾಸ್ಟಿಕ್ ಟ್ಯಾಂಕು. ಕೆಳಗೊಂದು ರೀಲು, ಅದರ ತಲೆಯ ಮೇಲೆ ಇನ್ನೊಂದು. ಒಂದು ರೀಲು ಮುಳುಗಲು ಮುನ್ನೂರು ಎಂ.ಎಲ್. ಸಾಕು, ಎರಡೂ ಮುಳುಗಲು ಆರುನೂರು ಬೇಕು. ಫಿಲಂ ಸುತ್ತಿದ ರೀಲನ್ನು ಕೆಳಗಿಟ್ಟು, ಮೇಲೆ ಬರಿಯ ರೀಲು ಕೂರಿಸಿ, ಆರುನೂರನ್ನೂ ಸುರಿದು, ಅದರ ಮೇಲೆ ಇನ್ನೂ ಒಂದು ಗುಟುಕು ಬಿಟ್ಟು ಆಮೇಲೆ ಮುಚ್ಚಳ ಹಾಕುವುದು ಅವನ ಪದ್ಧತಿ.

ಅಬ್ಬಿಗೆರೆಯ ಮುಖ್ಯರಸ್ತೆಯಲ್ಲಿದ್ದ ಅವನ ಸ್ಟುಡಿಯೋ ಮುಚ್ಚಿ ಹದಿನೈದು ವರ್ಷವಾಗಿತ್ತು. ಮುಂದಿನ ಅಂಗಡಿಯಲ್ಲಿ ಈಗ ಜೀಷಾನ್ ಎಂಬ ಹುಡುಗ ಮೊಬೈಲಿನ ಕವರು, ಚಾರ್ಜರು ಮಾರುತ್ತಾನೆ. ಹಿಂದಿನ ಡಾರ್ಕ್ ರೂಮು ಮಾತ್ರ ಹಾಗೇ ಉಳಿದಿತ್ತು. ಕಿಟಕಿಯ ಗಾಜಿಗೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದು, ಒಳಗೆ ಅಕ್ಕಿಮೂಟೆ, ಮೊಮ್ಮಗನ ಮುರಿದ ಸೈಕಲ್ಲು ಸೇರಿಕೊಂಡಿದ್ದವು. ಈ ಕಾಲದಲ್ಲಿ ಕಪ್ಪುಬಿಳುಪು ಫಿಲಂ ತೊಳೆಯುವುದನ್ನು ಕಲಿಸಿ ಎಂದು ಯಾರಾದರೂ ಬಾಗಿಲು ತಟ್ಟುತ್ತಾರೆಂದು ಅವನು ಎಣಿಸಿರಲಿಲ್ಲ. ತಟ್ಟಿದವಳು ಮೋನಿಷಾ. ಮೂರು ಬೀದಿ ಆಚೆಯ ಮಾರಕ್ಕನ ಮೊಮ್ಮಗಳು, ಯಲಹಂಕದ ಕಡೆ ಡಿಸೈನ್ ಕಾಲೇಜಿನಲ್ಲಿ ಓದುವವಳು. ಯಾರದೋ ಹಳೆಯ ಕ್ಯಾಮೆರಾ ಕೊಂಡು ಕೊರಳಿಗೆ ಹಾಕಿಕೊಂಡು ಬಂದಿದ್ದಳು.

ಮಾರಕ್ಕನ ಮೊಮ್ಮಗಳು ಎಂದು ತಿಳಿದಾಗಲೇ ಆಗುವುದಿಲ್ಲ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಅಟ್ಟದ ಮೇಲಿನಿಂದ ಟ್ಯಾಂಕು, ಅಳತೆಯ ಜಗ್ಗು, ಥರ್ಮಾಮೀಟರು ಇಳಿಸಿ, ಧೂಳು ಒರೆಸಿ, ಮೊದಲ ಪಾಠಕ್ಕೆ ಕೂರಿಸಿಕೊಂಡ.

"ಎಷ್ಟ್ ಡೆವಲಪರ್ ಬೇಕು ತಾತ? ಇಂಟರ್‌ನೆಟ್ಟಲ್ಲಿ ಒಬ್ಬೊಬ್ರು ಒಂದೊಂದ್ ಹೇಳ್ತಾರೆ," ಅಂದಿದ್ದಳು ಆವತ್ತು.

"ಇಂಟರ್‌ನೆಟ್ಟಿನೋರು ಈ ಟ್ಯಾಂಕ್ ನೋಡವ್ರಾ? ನಿನ್ನ ಟ್ಯಾಂಕ್ನ ನೀನೇ ಕೇಳು. ಖಾಲಿ ರೀಲು ಇಟ್ಟು, ನೀರು ಹುಯ್ಯಿ. ರೀಲು ಮುಳುಗಿದ ಮೇಲೆ ಆ ನೀರ್ನ ಜಗ್ಗಿಗೆ ಬಗ್ಸಿ ಅಳ್ದು ನೋಡು. ಅದೇ ಲೆಕ್ಕ."

ಅವಳು ಅಳೆದಳು. ಮುನ್ನೂರಕ್ಕೆ ಒಂದು ಮುಳುಗಿತು, ಆರುನೂರಕ್ಕೆ ಎರಡು. ಆಮೇಲೆ ಅವನು ಒಂದು ರೋಲಿಗೇ ಆರುನೂರನ್ನೂ ಸುರಿದದ್ದನ್ನು ನೋಡಿ ಹುಬ್ಬು ಗಂಟು ಹಾಕಿದಳು.

"ಒಂದ್ ರೋಲಿಗ್ ಯಾಕ್ ತಾತ ಇಷ್ಟೊಂದು? ಅರ್ಧ ವೇಸ್ಟು."

"ಮುಳುಗಿದ ಮೇಲೂ ಒಂದು ಬೆರಳು ಮೇಲಿರ್ಬೇಕಮ್ಮ."

"ಒಂದ್ ಬೆರಳಲ್ಲ ಇದು. ಇಡೀ ಕೈ."

ಪಿಳ್ಳಣ್ಣ ನಕ್ಕಿದ್ದ. ಹೊರಡುವಾಗ ಟ್ಯಾಂಕನ್ನು ಅವಳಿಗೇ ಕೊಟ್ಟು, "ಮುಚ್ಚಳ ಸೋರುತ್ತೆ, ತಲೆಕೆಳಗು ಮಾಡ್ಬೇಡ. ಮೇಲಿನ ಕಡ್ಡೀಲಿ ರೀಲ್ನ ತಿರುಗಿಸ್ತಾ ಇರು, ಸಾಕು," ಅಂದಿದ್ದ.

ಇದಾದ ಮೂರನೆಯ ಭಾನುವಾರ, ಅವರೆಕಾಯಿ ಕಾಲದ ಒಂದು ಚಳಿ ಬೆಳಿಗ್ಗೆ, ಮೋನಿಷಾ ಮತ್ತೆ ಬಂದಳು. ಕೈಯಲ್ಲಿ ಸುರುಳಿ ಬಿಚ್ಚದ ಫಿಲಂ ಇತ್ತು.

"ತಾತ, ಬೈಬಾರ್ದು."

"ಬೈಯೋವಂಥದ್ದು ಏನ್ ಮಾಡ್ದೆ?"

"ಎರಡ್ ರೋಲ್ ಇತ್ತು. ಡೆವಲಪರ್ ಐನೂರೂ ಇರ್ಲಿಲ್ಲ. ಹೊಸ ಪೌಡರ್ ಬಾಂಬೆಯಿಂದ ಕೊರಿಯರ್ ಬರೋದಕ್ಕೆ ಇನ್ನೂ ಒಂದ್ ವಾರ. ತಿರುಗಿಸ್ತಾ ಇದ್ರೆ ಮೇಲಕ್ಕೂ ಎರಚುತ್ತಲ್ಲ, ಸಾಕಾಗುತ್ತೆ ಅಂದ್ಕೊಂಡೆ."

ತಿರುಗಿಸುತ್ತಿದ್ದರೆ ಮೇಲಕ್ಕೂ ಎರಚುತ್ತದೆ. ಪಿಳ್ಳಣ್ಣನಿಗೆ ಈ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿ ಕಿವಿಯ ಹಿಂದೆ ಬೆಚ್ಚಗಾಯಿತು. ಅವಳು ಫಿಲಂ ಬಿಚ್ಚಿ ಬೆಳಕಿಗೆ ಹಿಡಿದಳು. ಕೆಳಗಿನ ರೀಲಿನದು ಚೆನ್ನಾಗಿ ಬಂದಿತ್ತು. ಮೇಲಿನ ರೀಲಿನದು ಉದ್ದಕ್ಕೂ ಎರಡು ಪಾಲಾಗಿತ್ತು. ಕೆಳಗಿನ ಅರ್ಧದಲ್ಲಿ ಚಿತ್ರ, ಮೇಲಿನ ಅರ್ಧ ತೊಳೆದ ಗಾಜಿನ ಹಾಗೆ ಬರಿದು. ಯಶವಂತಪುರದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವವರು, ಅವರ ಕಾಲು, ಸೊಂಟಕ್ಕೆ ಬಿಗಿದ ಟವೆಲ್ಲು. ಅದರ ಮೇಲೆ ಯಾರೂ ಇಲ್ಲ.

"ಎಲ್ಲಾರ್ ತಲೇನೂ ಎಗರ್ಸಿಬಿಟ್ಟೆ," ಅಂದು ಮೋನಿಷಾ ನಕ್ಕಳು. ಆ ನಗು ಬೇಗ ನಿಂತುಹೋಯಿತು. ಚೀಲದಿಂದ ಒಂದು ಹಳದಿಗಟ್ಟಿದ ಕಾಗದದ ಲಕೋಟೆ ತೆಗೆದಳು. "ಇದು ಅಜ್ಜಿ ಟ್ರಂಕಲ್ಲಿತ್ತು."

ಲಕೋಟೆಯ ಮೇಲೆ ಅವನದೇ ಸ್ಟುಡಿಯೋದ ಮೊಹರು ಮಾಸಿಹೋಗಿ ಅಂಟಿಕೊಂಡಿತ್ತು. ಒಳಗಿರುವುದು ನಾಲ್ಕು ಫ್ರೇಮಿನ ಒಂದು ತುಂಡು ನೆಗೆಟಿವ್ ಎಂದು ಅವನು ಮುಟ್ಟದೆಯೇ ಬಲ್ಲ.

"ಚಿಕ್ಕೋಳಿದ್ದಾಗ್ಲಿಂದ ಅಜ್ಜಿ ಇದರ ಕಥೆ ಹೇಳವ್ರೆ," ಅಂದಳು ಮೋನಿಷಾ. "ಸತ್ತ ದಿನ ನಮ್ ತಾತನ್ನ ಕುರ್ಚಿ ಮೇಲೆ ಕೂರ್ಸವ್ರೆ. ಪಕ್ಕದಲ್ಲಿ ನಿಂತಿರೋದು ನಮ್ಮಮ್ಮ, ಐದು ವರ್ಷ. ಅಮ್ಮನ ಮುಖ ಬಂದಿದೆ, ತಾತನ ಕತ್ತಿನಿಂದ ಮೇಲಕ್ಕೆ ಏನೂ ಬಂದಿಲ್ಲ. ನನ್ ಮೇಲಿನ ಸಿಟ್ಟಿಗೆ ಮುಖ ಮುಚ್ಕೊಂಡು ಹೋದ್ರು ನಿಮ್ ತಾತ ಅಂತಾರೆ ಅಜ್ಜಿ. ನಾನೂ ನಂಬಿದ್ದೆ. ನಿನ್ನೆ ನನ್ ಫಿಲಂ ಒಣಗಾಕ್ದಾಗ ಜ್ಞಾಪಕ ಬಂತು."

ಎರಡು ಫಿಲಮ್ಮನ್ನೂ ಕಿಟಕಿಯ ಎದ್ದುಹೋದ ಬಣ್ಣದ ಸಂದಿಗೆ ಒಂದರ ಪಕ್ಕ ಒಂದು ಹಿಡಿದಳು. ಗೆರೆ ಎರಡರಲ್ಲೂ ಒಂದೇ ಜಾಗದಲ್ಲಿತ್ತು. ಮೇಲಂಚಿನಲ್ಲಿ ಫಿಲಂ ಕಂಪನಿಯ ನಂಬರು ಇರಬೇಕಾದ ಕಡೆ ನಂಬರೂ ಇರಲಿಲ್ಲ. ಸತ್ತವನಿಗೆ ಹೆಂಡತಿಯ ಮೇಲೆ ಎಷ್ಟೇ ಮುನಿಸಿದ್ದರೂ ಅಂಚಿನ ನಂಬರನ್ನು ಅಳಿಸುವ ಕೆಲಸ ಅವನದಲ್ಲ.

ಪಿಳ್ಳಣ್ಣ ಅಕ್ಕಿಮೂಟೆಯ ಮೇಲೆ ಕೂತ.

"ಡೆವಲಪರ್ ಕಡಿಮೆ ಆಗಿದ್ದು. ಅಲ್ವಾ ತಾತ?"

"ಹೂಂ."

"ಎಷ್ಟು?"

"ಒಂದು ಲೋಟ."

ಅವಳು ನೆಗೆಟಿವನ್ನು ಮತ್ತೆ ಲಕೋಟೆಗೆ ಇಳಿಸಿದಳು. ಬೈಯುತ್ತಾಳೆಂದು ಅವನು ಕಾದ. ಬೈಯಲಿಲ್ಲ.

"ಅಜ್ಜಿಗೆ ಗೊತ್ತಾ?"

"ಇಲ್ಲ."

"ನೀವ್ ಹೇಳ್ತೀರಾ, ನಾನ್ ಹೇಳ್ಲಾ? ಮನೆ ಮುಂದೇನೇ ಅವರೆಕಾಯಿ ಬಿಡಿಸ್ತಾ ಕೂತವ್ರೆ."

ಪಿಳ್ಳಣ್ಣ ಚಪ್ಪಲಿಗಾಗಿ ಕಾಲಿನಲ್ಲೇ ತಡಕಿದ.

*

ಮೂವತ್ತೈದು ವರ್ಷದ ಹಿಂದೆ ಅಬ್ಬಿಗೆರೆ ಇನ್ನೂ ಹಳ್ಳಿ. ಕೆರೆಯ ಕೆಳಗೆ ರಾಗಿ, ತರಕಾರಿ ಬೆಳೆಯುತ್ತಿದ್ದರು, ಸಂಜೆ ಮುಂದೆ ದನಗಳ ಧೂಳು ಏಳುತ್ತಿತ್ತು. ಪಿಳ್ಳಣ್ಣ ಯಶವಂತಪುರದ ಜಾಫರ್ ಸಾಹೇಬರ ಸ್ಟುಡಿಯೋದಲ್ಲಿ ಆರು ವರ್ಷ ಕೆಲಸ ಕಲಿತು ಊರಿಗೆ ಬಂದು ಸ್ವಂತದ ಬೋರ್ಡು ಹಾಕಿ ಎರಡು ವರ್ಷವಾಗಿತ್ತು. ಜಾಫರ್ ಸಾಹೇಬರು ಡೆವಲಪರನ್ನು ದವಾ ಅನ್ನುತ್ತಿದ್ದರು. "ನೀರಿನ ಲೆಕ್ಕ ಬೇರೆ, ದವಾ ಲೆಕ್ಕ ಬೇರೆ ಪಿಳ್ಳಾ," ಎಂದು ಅವರು ಹೇಳಿಕೊಟ್ಟಿದ್ದರು. "ನೀರು ಫಿಲಂನ ಮುಳುಗಿಸ್ತದೆ. ದವಾ ಅದನ್ನ ಎಬ್ಬಿಸ್ತದೆ. ಎರಡ್ರಲ್ಲಿ ಯಾವ್ದು ಕಮ್ಮಿ ಮಾಡಿದ್ರೂ ಮುಂದೆ ನಿಂತಿದ್ದ ಮನುಷ್ಯನಿಗೆ ಮೋಸ."

ಆ ಭಾನುವಾರ ಬೆಳಿಗ್ಗೆ ಬಾಗಲಗುಂಟೆಯಲ್ಲಿ ಒಂದು ನಿಶ್ಚಿತಾರ್ಥವಿತ್ತು. ದೊಡ್ಡ ಮನೆಯವರು. ಗಂಡಿನ ಸೋದರಮಾವ ಮಾರನೆಯ ಬೆಳಿಗ್ಗೆಯೇ ಬೊಂಬಾಯಿ ರೈಲು ಹತ್ತುವವರು, ಹತ್ತುವ ಮೊದಲು ಫೋಟೊ ಕೈಯಲ್ಲಿರಬೇಕು ಅಂದಿದ್ದರು. ಫೋಟೊ ತೆಗೆದು ಮುಗಿಸಿ ಮನೆಗೆ ಬಂದು ಸೈಕಲ್ಲು ನಿಲ್ಲಿಸುವಷ್ಟರಲ್ಲಿ ಮುನಿರಾಮಯ್ಯನ ಮನೆಯಿಂದ ಕರೆ ಬಂತು. ಬೆಳಿಗ್ಗೆ ಎದೆನೋವು ಎಂದು ಜಗಲಿಯ ಮೇಲೆ ಕೂತವನು ಮತ್ತೆ ಎದ್ದಿರಲಿಲ್ಲ. ಮೂವತ್ತೈದು ದಾಟಿರದ ಗಟ್ಟಿ ಆಳು.

ಹೆಂಡತಿ ಮಾರಕ್ಕ ಊರಲ್ಲಿರಲಿಲ್ಲ. ತಾನು ಸಾಕಿದ ಸೀಮೆಹಸುವನ್ನು ಗಂಡ ಒಂದು ಮಾತೂ ಕೇಳದೆ ಮಾರಿದನೆಂದು ಜಗಳವಾಡಿ, ಶಾಲೆಗೆ ಹೋಗುವ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಗುರುವಾರ ಬೆಳಿಗ್ಗೆ ಮಾಗಡಿ ಕಡೆಯ ತವರಿಗೆ ಹೋಗಿದ್ದಳು. ಸುದ್ದಿ ಮುಟ್ಟಿಸಲು ಆಳನ್ನು ಬಸ್ಸಿಗೆ ಹತ್ತಿಸಿದ್ದರು. ಆದರೆ ಮಾರನೆಯ ದಿನ ಊರಮ್ಮನಿಗೆ ತಂಬಿಟ್ಟಿನ ಆರತಿ. ಹೆಣ ಊರಲ್ಲಿ ರಾತ್ರಿ ಕಳೆಯಬಾರದು, ಬಿಸಿಲಿರುವಾಗಲೇ ಮಣ್ಣು ಮಾಡಬೇಕು ಎಂದು ಹಿರಿಯರು ತೀರ್ಮಾನ ಮಾಡಿಬಿಟ್ಟರು.

ಕಡೆಯ ಫೋಟೊ ತೆಗೆಸುವುದು ಆಗ ಎಲ್ಲ ಮನೆಗಳಲ್ಲೂ ಇದ್ದದ್ದೇ. ಬದುಕಿದ್ದಾಗ ಫೋಟೊಕ್ಕೆ ನಿಂತವರು ಕಡಿಮೆ. ಹೆಣವನ್ನು ತೊಳೆದು, ಬಿಳಿಯ ಪಂಚೆ ಶರ್ಟು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ತೆಗೆಯುವರು. ಆಮೇಲೆ ಅದರಿಂದ ಮುಖ ಮಾತ್ರ ಬಿಡಿಸಿ, ಮುಚ್ಚಿದ ರೆಪ್ಪೆಯ ಮೇಲೆ ಕುಂಚದಿಂದ ಕಣ್ಣು ಬರೆಸಿ, ದೊಡ್ಡದು ಮಾಡಿಸಿ ಗೋಡೆಗೆ ಹಾಕುವರು. ಮುನಿರಾಮಯ್ಯನದು ಬೇರೆ ಒಂದು ಫೋಟೊವೂ ಇರಲಿಲ್ಲ. ನಿಶ್ಚಿತಾರ್ಥದ ರೋಲಿನಲ್ಲಿ ಇನ್ನೂ ಕೆಲವು ಫ್ರೇಮು ಉಳಿದಿದ್ದವು. ಆದರೆ ಶುಭದ ಫೋಟೊ ಇರುವ ರೋಲಿಗೆ ಸಾವಿನ ಫೋಟೊ ಸೇರಿಸುವವರು ಯಾರೂ ಇಲ್ಲ. ಪಿಳ್ಳಣ್ಣ ಅದನ್ನು ಬಿಚ್ಚಿ ಒಂದು ತುಂಡು ಬೇರೆ ಫಿಲಂ ಹಾಕಿಕೊಂಡು ಹೋದ. ಕತ್ತು ವಾಲುತ್ತಿತ್ತು. ಹಿಂದಿನಿಂದ ಟವೆಲ್ಲು ಕಟ್ಟಿದರು. ಪಿಳ್ಳಣ್ಣನೇ ಹೋಗಿ ಗಲ್ಲ ಎತ್ತಿ ಬೆಳಕಿನ ಕಡೆಗೆ ತಿರುಗಿಸಿದ. ಕುರ್ಚಿಯ ಪಕ್ಕಕ್ಕೆ ಮಗು ಧನಲಕ್ಷ್ಮಿಯನ್ನು ನಿಲ್ಲಿಸಿದರು. ನಾಲ್ಕು ಫೋಟೊ.

ಸ್ಟುಡಿಯೋಗೆ ಬಂದು ನೋಡಿದರೆ ಬಾಟಲಿಯಲ್ಲಿ ಡೆವಲಪರ್ ಉಳಿದಿದ್ದದ್ದು ನಾನೂರೈವತ್ತು. ಹಿಂದಿನ ದಿನ ಪೇಟೆಗೆ ಹೋಗಿ ಪೌಡರ್ ತರಬೇಕಿತ್ತು, ತಂದಿರಲಿಲ್ಲ. ಭಾನುವಾರ ಅಂಗಡಿ ಇಲ್ಲ. ಮುನ್ನೂರು ಹಾಕಿ ನಿಶ್ಚಿತಾರ್ಥದ್ದನ್ನು ತೊಳೆದು, ಸತ್ತವನ ಫಿಲಮ್ಮನ್ನು ಕತ್ತಲಲ್ಲಿ ಡಬ್ಬಿಯೊಳಗಿಟ್ಟು, ಸೋಮವಾರ ಹೊಸ ಪೌಡರ್ ತಂದ ಮೇಲೆ ತೊಳೆದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಮುನಿರಾಮಯ್ಯನಿಗೆ ಯಾವ ಅವಸರವೂ ಇರಲಿಲ್ಲ. ಆದರೆ ಪಿಳ್ಳಣ್ಣನಿಗೆ ಒಂದೇ ಸಲಕ್ಕೆ ಮುಗಿಸಿ ಕೈತೊಳೆದುಕೊಳ್ಳುವ ಆತುರ. ಸಾವಿನ ಫಿಲಮ್ಮನ್ನು ರಾತ್ರಿ ಸ್ಟುಡಿಯೋದಲ್ಲಿಟ್ಟುಕೊಳ್ಳುವುದಕ್ಕೂ ಮನಸ್ಸಿರಲಿಲ್ಲ. ಕ್ಯಾಮೆರಾದಲ್ಲಿ ಬೇರೆ ಮಾಡಿದ್ದ ಶುಭವನ್ನೂ ಅಶುಭವನ್ನೂ ಟ್ಯಾಂಕಿನಲ್ಲಿ ಒಟ್ಟಿಗೆ ಇಳಿಸಿದ. ತಿರುಗಿಸುತ್ತಿದ್ದರೆ ಮೇಲಕ್ಕೂ ಎರಚುತ್ತದೆ, ಅಂದುಕೊಂಡ.

ಪಕ್ಕದಲ್ಲೇ ನೀರಿನ ಬಿಂದಿಗೆ ಇತ್ತು. ಒಂದು ಲೋಟ ನೀರು ಬೆರೆಸಿ, ಎರಡು ಮೂರು ನಿಮಿಷ ಹೆಚ್ಚು ಬಿಟ್ಟಿದ್ದರೆ ಎರಡೂ ರೋಲು ತುಸು ಮಂಕಾಗಿಯಾದರೂ ಬರುತ್ತಿದ್ದವು. ಅದು ಹೊಳೆಯಲಿಲ್ಲ ಎಂದಲ್ಲ. ಹೊಳೆಯಿತು, ಲೋಟಕ್ಕೆ ಕೈಯೂ ಹೋಗಿತ್ತು. ದೊಡ್ಡ ಮನೆಯವರ ಫೋಟೊ ಮಂಕಾದರೆ ಬಾಗಲಗುಂಟೆ ಕಡೆಯ ಮದುವೆಗಳೆಲ್ಲ ಬೇರೆಯವರ ಪಾಲಾಗುತ್ತವೆ ಎಂದು ಕೈ ಹಿಂದಕ್ಕೆ ಬಂತು. ಕತ್ತಲಲ್ಲಿ ಎರಡು ರೀಲನ್ನೂ ತಡವಿ ನೋಡಿ, ಯಾವುದು ಯಾವುದೆಂದು ಗೊತ್ತು ಮಾಡಿಕೊಂಡೇ, ನಿಶ್ಚಿತಾರ್ಥದ್ದನ್ನು ಕೆಳಗಿಟ್ಟ, ಮುನಿರಾಮಯ್ಯನದನ್ನು ಮೇಲಿಟ್ಟ. ಮೂವತ್ತೈದು ವರ್ಷ ಅವನನ್ನು ಕೊರೆದದ್ದು ಡೆವಲಪರ್ ಕಡಿಮೆ ಬಿದ್ದದ್ದಲ್ಲ, ಆ ತಡವಿ ನೋಡಿದ್ದು.

ಫಿಲಂ ಸುತ್ತುವಾಗ ಅಂಚು ತಿರುಗುಮುರುಗಾಗಿದ್ದಿದ್ದರೂ ಕಾಲು ಹೋಗಿ ಮುಖ ಉಳಿಯುತ್ತಿತ್ತು. ಹಾಗಾಗಲಿಲ್ಲ. ಪ್ರಿಂಟು ಹಾಕಿದಾಗ ಮುನಿರಾಮಯ್ಯನ ಕತ್ತಿನಿಂದ ಮೇಲೆ ಬರೀ ಕಪ್ಪು. ಪಕ್ಕದಲ್ಲಿ ಅಪ್ಪನ ಭುಜಕ್ಕಿಂತ ಕೆಳಗಿದ್ದ ಮಗುವಿನ ಮುಖ ಸೊಗಸಾಗಿ ಮೂಡಿತ್ತು.

ಮೂರನೆಯ ದಿನ ಆ ಪ್ರಿಂಟು ಹಿಡಿದು ಹೋದ. ನಿಜ ಹೇಳುವ ಮನಸ್ಸಿನಿಂದಲೇ ಹೋದ. ಜಗಲಿಯ ತುಂಬ ಜನ. ಫೋಟೊ ಕೈಯಿಂದ ಕೈಗೆ ದಾಟಿತು. ಯಾರೋ ಹಿರಿಯರು, "ಕ್ಯಾಮೆರಾ ಕೆಟ್ಟಿತ್ತೇನೋ ಪಿಳ್ಳಾ?" ಅಂದರು.

ಕ್ಯಾಮೆರಾದ ಮಾತು ಬಂದದ್ದೇ ಪಿಳ್ಳಣ್ಣನಿಗೆ ರೋಷ ಬಂತು. "ಕ್ಯಾಮೆರಾಕ್ಕೆ ಏನೂ ಆಗಿಲ್ಲ. ಅವತ್ತು ಬೆಳಿಗ್ಗೆ ನಿಶ್ಚಿತಾರ್ಥಕ್ಕೂ ಇದೇ ಕ್ಯಾಮೆರಾ. ಅವೆಲ್ಲ ಕನ್ನಡಿ ಇದ್ದಂಗೆ ಬಂದವೆ," ಅಂದ.

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಮುನಿರಾಮಯ್ಯನ ತಾಯಿ ಪಾರವ್ವ ಫೋಟೊವನ್ನು ತಿರುವಿ ನೆಲದ ಮೇಲಿಟ್ಟು, "ನಮ್ಗೆಲ್ಲ ಮುಖ ತೋರ್ಸೇ ಓದ ನನ್ ಮಗ. ತೋರುಸ್ಬಾರ್ದೋರ್ಗೆ ತೋರುಸ್ನಿಲ್ಲ," ಅಂದಳು. ಎಲ್ಲರೂ ಮೂಲೆಯಲ್ಲಿದ್ದ ಮಾರಕ್ಕನ ಕಡೆ ತಿರುಗಿದರು. ಅವಳು ಬಂದಿಳಿಯುವಷ್ಟರಲ್ಲಿ ಸಂಜೆಯಾಗಿ, ಹಸಿ ಮಣ್ಣಿನ ಗುಡ್ಡೆ ಮಾತ್ರ ಉಳಿದಿತ್ತೆಂದು ಪಿಳ್ಳಣ್ಣನಿಗೆ ಆಗ ಗೊತ್ತಾಯಿತು. ಬಾಯಿ ತೆರೆದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ.

*

ಮೋನಿಷಾ ಮುಂದೆ, ಪಿಳ್ಳಣ್ಣ ಹಿಂದೆ. ಮೂರು ಬೀದಿಯ ದಾರಿ ಅಷ್ಟು ಬೇಗ ಮುಗಿಯಬಾರದಿತ್ತು.

ಹೇಳುವುದಕ್ಕೆ ಸಮಯ ಸಿಕ್ಕಿರಲಿಲ್ಲ ಎನ್ನುವ ಹಾಗಿರಲಿಲ್ಲ. ಧನಲಕ್ಷ್ಮಿಯ ಮದುವೆಗೆ ಫೋಟೊ ತೆಗೆದವನು ಇವನೇ. ಧಾರೆ ಎರೆಯುವಾಗ ಮಾರಕ್ಕ ಕಂಬದ ಮರೆಗೆ ಸರಿದು, "ನಂದು ತೆಗೀಬೇಡ ಪಿಳ್ಳಣ್ಣ. ನನ್ನ ಪಕ್ಕ ಇರಾಕೆ ನಮ್ ಯಜಮಾನ್ರಿಗೆ ಇಷ್ಟ ಇಲ್ಲ," ಅಂದಿದ್ದಳು. ಅವನು ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿದ್ದ. ಮಹಾಲಯ ಅಮಾವಾಸ್ಯೆಗೆ ಎಲ್ಲರ ಮನೆಯಲ್ಲೂ ಫೋಟೊದ ಮುಂದೆ ಎಡೆ ಇಟ್ಟರೆ, ಅವಳ ಮನೆಯಲ್ಲಿ ಮಣೆಯ ಮೇಲೆ ಒಂದು ಮಡಿಸಿದ ಟವೆಲ್ಲು. ಪ್ರತಿ ವರ್ಷ ಆ ಟವೆಲ್ಲು ನೋಡಿ ಬಂದು, ಮುಂದಿನ ವರ್ಷ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದ. ಒಂದು ವರ್ಷ ಕಳೆದರೆ ಹೇಳಬೇಕಾದದ್ದು ಎರಡಾಗುತ್ತಿತ್ತು. ತಪ್ಪು ಮಾಡಿದ್ದು ಒಂದು, ಇಷ್ಟು ದಿನ ಹೇಳದೆ ಇದ್ದದ್ದು ಇನ್ನೊಂದು. ಎರಡನೆಯದು ಬೆಳೆಯುತ್ತಲೇ ಹೋಯಿತು.

ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಮನೆ. ಗೇಟಿನ ಒಳಗೆ, ಬಿಸಿಲು ಬೀಳುವ ಕಡೆ ಚಾಪೆ ಹಾಸಿ, ಅವರೆಕಾಯಿಯ ಗುಡ್ಡೆಯ ಮುಂದೆ ಮಾರಕ್ಕ ಕೂತಿದ್ದಳು. ಅರವತ್ತೆಂಟರ ಹೆಂಗಸು, ಕೈ ಇನ್ನೂ ಚುರುಕು.

"ಬಾ ಪಿಳ್ಳಣ್ಣ. ಏನ್ ಗುರು ಸಿಸ್ಯೆ ಇಬ್ರೂ ಒಟ್ಗೇ ಬಂದ್ರಿ. ಕೂತ್ಕೊ. ಬಂದೋರು ಬಿಟ್ಟಿ ಕೂರಂಗಿಲ್ಲ, ಒಂದೊಂದ್ ಇಡಿ ಬಿಡುಸ್ಬೇಕು."

ಪಿಳ್ಳಣ್ಣ ಚಾಪೆಯ ಅಂಚಿಗೆ ಕೂತು ಕಾಯಿ ತೆಗೆದುಕೊಂಡ. ಮೋನಿಷಾ ಗೋಡೆಗೆ ಒರಗಿ ನಿಂತಳು. ಒಂದು, ಎರಡು, ಹತ್ತು ಕಾಯಿ ಬಿಡಿಸಿದ. ಮಾರಕ್ಕ ಅವರೆಯ ಸೊಗಡಿನ ಮಾತು, ಈ ಸಲ ಇಬ್ಬನಿ ಕಡಿಮೆಯಾದ ಮಾತು ಆಡುತ್ತಿದ್ದಳು.

"ಉಳ ಬಿದ್ದಿರೋದ್ನೂ ಕಾಳ್ಗೇ ಆಕ್ತಾ ಇದೀಯಲ್ಲ. ಕಣ್ಣು ಕಾಣಾಕಿಲ್ವಾ?"

"ಮಾರಕ್ಕ," ಅಂದ ಪಿಳ್ಳಣ್ಣ. "ಮುನಿರಾಮಣ್ಣನ ಫೋಟೊ ಕೆಡ್ಸಿದ್ದು ನಾನು."

ಅವಳ ಕೈ ನಿಲ್ಲಲಿಲ್ಲ. "ಯಾವ್ ಫೋಟೊ?"

"ಇರೋದೊಂದೇ ಅಲ್ವಾ. ಅದು ಅವ್ರು ಮುಖ ಮುಚ್ಕೊಂಡಿದ್ದಲ್ಲ. ನನ್ ಕೈಲಿ ಆಗಿದ್ದು."

ಕೈ ಆಗ ನಿಂತಿತು. ಅವನು ಟ್ಯಾಂಕು ಅಂದ, ರೀಲು ಅಂದ, ಡೆವಲಪರ್ ಅಂದ. ಅವಳ ಮುಖದಲ್ಲಿ ಅದು ಯಾವುದೂ ಇಳಿದ ಹಾಗೆ ಕಾಣಲಿಲ್ಲ. ಕಡೆಗೆ ಮೋನಿಷಾಳಿಂದ ಒಂದು ಲೋಟವನ್ನೂ ಚೊಂಬಿನಲ್ಲಿ ನೀರನ್ನೂ ತರಿಸಿದ. ಒಂದು ಉದ್ದನೆಯ ಅವರೆಕಾಯಿಯನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ನೀರು ಹುಯ್ದ.

"ಇದು ಫಿಲಂ ಅನ್ಕೊ. ನೀರಿರೋ ಗಂಟ ಮಾತ್ರ ಚಿತ್ರ ಏಳುತ್ತೆ. ನೀರು ಮುಟ್ದೆ ಇರೋ ಕಡೆ ಏನೂ ಬರಲ್ಲ. ಅವತ್ತು ಔಷಧಿ ಒಂದು ಲೋಟ ಕಡಿಮೆ ಇತ್ತು. ಮುನಿರಾಮಣ್ಣನ ಮುಖ ನೀರಿಂದ ಮೇಲಿತ್ತು. ಅಷ್ಟೇ ಆಗಿದ್ದು."

ಮಾರಕ್ಕ ಲೋಟವನ್ನೇ ನೋಡಿದಳು.

"ಒಂದ್ ಲೋಟ ನೀರಾದ್ರೂ ಆಕ್ಬಾರ್ದಿತ್ತಾ?"

ಏನೂ ಓದದ ಹೆಂಗಸು ನೇರ ಅಲ್ಲಿಗೇ ಬಂದಿದ್ದಳು. ಪಿಳ್ಳಣ್ಣ ತಲೆ ಎತ್ತಲಿಲ್ಲ. "ಹಾಕಿದ್ರೆ ಇನ್ನೊಂದ್ ಮನೆಯೋರ ಫೋಟೊ ಮಂಕಾಗ್ತಿತ್ತು. ಅದೂ ಅದ್ರಲ್ಲೇ ಇತ್ತು."

"ಅವ್ರುದ್ದು ಎಲ್ಲಿತ್ತು?"

"ಕೆಳಗೆ."

"ನಮ್ದು?"

"ಮೇಲೆ."

"ಗೊತ್ತಿದ್ದೇ ಇಟ್ಟ್ಯಾ?"

"ಗೊತ್ತಿದ್ದೇ ಇಟ್ಟೆ."

ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಹಿಂದಕ್ಕೆ ಸರಿಯುತ್ತ ಕೂಗಿಕೊಂಡಿತು.

"ನಮ್ಮತ್ತೆ ಸಾಯೋ ಗಂಟ ಅದೇ ಅಂದ್ರು," ಅಂದಳು ಮಾರಕ್ಕ. "ಅವ್ರು ಅಂದಿದ್ದು ಓಗ್ಲಿ. ನಾನೇ ನಂಬ್ದೆ. ಪಕ್ಸದಾಗೆ ಎಡೆ ಇಕ್ಕೋವಾಗ ಏನ್ ಅಂತಿದ್ದೆ ಗೊತ್ತಾ? ಮುಖ ತಿರುಗುಸ್ಕೊಂಡೇ ಉಣ್ಣು, ನಾನ್ ನೋಡಾಕಿಲ್ಲ ಅಂತಿದ್ದೆ. ಎಡೆ ಇಕ್ಕಿ ಗ್ವಾಡೆ ಕಡೀಕ್ ತಿರುಗಿ ಕೂತ್ಕೊತಿದ್ದೆ. ಮೂವತ್ತೈದು ಸಲ."

"ತಪ್ಪಾಯ್ತು ಅಕ್ಕ."

"ತಪ್ಪಾಯ್ತು ಅಂದ್ರೆ ನಾನೇನ್ ಮಾಡ್ಲಿ ಅದ್ನ ತಗೊಂಡು. ಎಲ್ಲಿಟ್ಕೊಳ್ಲಿ."

ಅದರಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಇಡುವ ಜಾಗ ಕೇಳಿದ ಹಾಗಿತ್ತು. ಪಿಳ್ಳಣ್ಣನಿಗ್ಯಾಕೋ ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನಿಸಿತು. ಮೋನಿಷಾ ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ಮಾರಕ್ಕ ಆ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟಳು.

"ಆಯ್ತು. ಫೋಟೊ ಓಯ್ತು. ನೀನು ನೋಡಿದ್ದೆಯಲ್ಲ ಪಿಳ್ಳಣ್ಣ. ಎದುರ್ಗೇ ನಿಂತು ನೋಡಿದ್ದೆ. ಎಂಗಿತ್ತು ಮುಖ?"

ಆ ಪ್ರಶ್ನೆಗೆ ಅವನ ನಾಲಗೆಯ ಮೇಲೆ ಉತ್ತರ ಸಿದ್ಧವಾಗಿತ್ತು. ಶಾಂತವಾಗಿತ್ತಮ್ಮ, ನಿದ್ದೆ ಮಾಡಿದಂಗಿತ್ತು. ಸಾವಿನ ಮನೆಗಳಲ್ಲಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಳ್ಳುತ್ತ ಆ ಮಾತನ್ನು ನೂರು ಸಲ ಆಡಿದ್ದಾನೆ. ಈಗ ಅಂದರೂ ಯಾರೂ ಅಳೆದು ನೋಡುವ ಹಾಗಿಲ್ಲ, ಇವಳಿಗೂ ಇನ್ನುಳಿದ ದಿನಕ್ಕೆ ಒಂದು ಮುಖ ಸಿಗುತ್ತದೆ. ಕಣ್ಣು ಮುಚ್ಚಿ ಹುಡುಕಿದ. ಮರದ ಕುರ್ಚಿ ಕಂಡಿತು, ಚೆಂಡುಹೂವಿನ ಹಾರ, ಮೇಲಿನ ಗುಂಡಿ ಹಾಕದ ಶರ್ಟು. ಅವನು ಅವತ್ತು ಫೋಕಸ್ ಹಿಡಿದದ್ದು ಹಾರದ ಮೇಲೆ, ನೋಡಿದ್ದು ಬೆಳಕನ್ನು. ಮುಖ ಇರಬೇಕಾದ ಕಡೆ, ಪ್ರಿಂಟಿನಲ್ಲಿದ್ದ ಹಾಗೆಯೇ, ಬರೀ ಕಪ್ಪು.

"ಜ್ಞಾಪಕ ಇಲ್ಲ ಅಕ್ಕ," ಅಂದ.

ಮೋನಿಷಾ ತಟ್ಟನೆ ಅವನತ್ತ ನೋಡಿದಳು. ಏನಾದರೊಂದು ಹೇಳಬಾರದೇ ಎಂಬಂತಿತ್ತು ಆ ನೋಟ. ಮಾರಕ್ಕ ತಲೆಯಾಡಿಸಿ ಮತ್ತೊಂದು ಕಾಯಿ ಎತ್ತಿಕೊಂಡಳು.

ಎದ್ದು ಹೋಗಲು ಆಗದೆ ಪಿಳ್ಳಣ್ಣನೂ ಒಂದು ಕಾಯಿ ಎತ್ತಿಕೊಂಡ. ಬಲಿತ ಕಾಯಿಯ ಒರಟು ಸಿಪ್ಪೆ ಹೆಬ್ಬೆರಳಿಗೆ ತಾಗಿತು. ಕಣ್ಣು ಮರೆತದ್ದನ್ನು ಬೆರಳು ಇಟ್ಟುಕೊಂಡಿತ್ತು.

"ಗಡ್ಡ ಬಂದಿತ್ತು," ಅಂದ.

"ಏನು?"

"ಕತ್ತು ವಾಲ್ತಿತ್ತು ಅಂತ ನಾನೇ ಗಲ್ಲ ಎತ್ತಿದ್ದೆ. ಕೈಗೆ ಚುಚ್ತು. ಅದು ಮಾತ್ರ ಗೊತ್ತು."

ಮಾರಕ್ಕ ಅವನ ಬೆರಳುಗಳನ್ನು ನೋಡಿದಳು. "ಎಷ್ಟ್ ಬಂದಿತ್ತು?"

"ಒಂದು ದಿನದ್ದಲ್ಲ. ಮೂರ್ ದಿನ, ನಾಕ್ ದಿನದ್ದು."

"ದಿನಾ ಬಿಟ್ಟು ದಿನ ಕೆರ್ಕೊಳೋರು," ಅಂದಳು ಅವಳು. "ಅಂಗಳದಾಗೆ ಕನ್ನಡಿ ಸಿಗಾಕ್ಕೊಂಡು ಕೂತ್ಕೊಳೋರು. ಬಿಸ್ನೀರಿಲ್ದೆ ಮುಟ್ತಿರ್ಲಿಲ್ಲ." ಆಮೇಲೆ ಯಾರಿಗೆಂದಿಲ್ಲದೆ, "ನಾನ್ ಓಗಿದ್ದು ಗುರುವಾರ," ಅಂದಳು. "ನೀರ್ ಕಾಯ್ಸಿ ಇಡೋರು ಇರ್ನಿಲ್ಲ."

ಮಡಿಲಲ್ಲಿದ್ದ ಸಿಪ್ಪೆ ಕೊಡವಿಕೊಂಡು, ಗೋಡೆ ಹಿಡಿದು ಎದ್ದಳು. ಒಳಗೆ ಹೋಗುವ ಬಾಗಿಲಲ್ಲಿ ನಿಂತು, ಹಿಂದಿರುಗಿ ನೋಡದೆ ಹೇಳಿದಳು: "ನೀನ್ ಓಗು ಪಿಳ್ಳಣ್ಣ. ನಾಳೆ ನಾಳಿದ್ದು ಈ ಕಡೆ ಬರ್ಬೇಡ. ಆಮೇಲೆ ಬಾ."

ಒಳಗಿನಿಂದ ಟ್ರಂಕಿನ ಚಿಲಕ ತೆಗೆದ ಸದ್ದು ಕೇಳಿಸಿತು. ಮೋನಿಷಾ ಲಕೋಟೆ ಹಿಡಿದು ಒಳಗೆ ಹೋದಳು. ಚಾಪೆಯ ಮೇಲೆ ಲೋಟ ಹಾಗೇ ಇತ್ತು, ಅದರಲ್ಲಿ ಅರ್ಧ ಮುಳುಗಿದ ಅವರೆಕಾಯಿ. ಪಿಳ್ಳಣ್ಣ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿದ. ಕಾಯಿ ಮುಳುಗಿ, ಮೇಲೆ ಒಂದು ಬೆರಳು ನಿಂತಿತು. ಇದರಿಂದ ಯಾರಿಗೆ ಏನು ಎಂದು ತನಗೇ ನಾಚಿಕೆಯಾಗಿ ಗೇಟು ಎಳೆದುಕೊಂಡು ಹೊರಟ.

ಮೂರು ಬೀದಿಯುದ್ದಕ್ಕೂ ಬೆರಳುಗಳಿಂದ ಅವರೆಯ ಸೊಗಡು ಬರುತ್ತಿತ್ತು. ಹೆಬ್ಬೆರಳಿನಿಂದ ಉಳಿದ ಬೆರಳ ತುದಿಗಳನ್ನು ಉಜ್ಜಿ ನೋಡಿಕೊಳ್ಳುತ್ತ, ಅವನು ನಿಧಾನವಾಗಿ ನಡೆದ.